ಆಯಿಲ್ ಕಪ್ಪಾಯಿತೆಂದು ಚೆಲ್ಲುವ ಮುನ್ನ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಕಾರು ಮಾಲೀಕರೇ, ಚಾಲಕರೇ, ಗ್ಯಾರೇಜು ನಡೆಸುವ ಅಣ್ಣತಮ್ಮಂದಿರೇ,

ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಗಿಲ್ಲ. ಸಾವಿರ ಅಡಿ ಬೋರ್ ಕೊರೆಸಿದರೂ ನೀರು ಬಿದ್ದೀತೆಂಬ ಖಾತ್ರಿಯಿಲ್ಲ. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಕೊಳಚೆ ನೀರನ್ನೇ ಸಂಸ್ಕರಿಸಿ ಲಕ್ಷ್ಮೀಸಾಗರ ಕೆರೆಗೆ ಹರಿಸಿದರು. ಅದನ್ನೂ ಬೇಡವೆನ್ನಲಾಗದ ಸ್ಥಿತಿ ನಮ್ಮದು. ಇಂಥ ನೆಲದಲ್ಲಿ, ಕಾರಿನಿಂದ ಇಳಿಸಿದ ಹಳೆಯ ಇಂಜಿನ್ ಆಯಿಲನ್ನು ಚರಂಡಿಗೆ ಸುರಿಯುವುದನ್ನು ಇನ್ನಾದರೂ ನಿಲ್ಲಿಸೋಣ ಎಂದು ಕೈಮುಗಿದು ಕೇಳುತ್ತಿದ್ದೇನೆ. ಹಾಗೆ ಸುರಿಯುವ ಆಯಿಲಿನಲ್ಲಿ ಒಂದಷ್ಟನ್ನು ಅಷ್ಟು ಬೇಗ ಇಳಿಸುವ ಅಗತ್ಯವೇ ಇರುವುದಿಲ್ಲ. ಯಾರೋ ಹೇಳಿದ ಮಾತು ನಂಬಿ ಇಳಿಸಿರುತ್ತೇವೆ.

ಬಣ್ಣದ ಮಾತನ್ನೇ ನೋಡಿ. ಗೇಜ್ ಕಡ್ಡಿ ಎಳೆದು, ಬಟ್ಟೆಗೆ ಒರೆಸಿ, ‘ಕಪ್ಪಾಗಿದೆ, ಕೆಟ್ಟುಹೋಗಿದೆ’ ಎಂದುಬಿಡುತ್ತೇವೆ. ಆಯಿಲಿನ ಕೆಲಸ ಜಾರಿಸುವುದಷ್ಟೇ ಅಲ್ಲ, ತೊಳೆಯುವುದೂ ಹೌದು. ಒಳಗಿನ ಮಸಿಯನ್ನು ಇಂಜಿನ್ ಗೋಡೆಗೆ ಅಂಟಲು ಬಿಡದೆ ತನ್ನಲ್ಲೇ ಹಿಡಿದಿಟ್ಟುಕೊಳ್ಳುವ ರಾಸಾಯನಿಕಗಳನ್ನು ಅದಕ್ಕೆ ಬೆರೆಸಿರುತ್ತಾರೆ. ಡೀಸೆಲ್ ಗಾಡಿಯಲ್ಲಂತೂ ಹೊಸ ಆಯಿಲು ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ. ಅದು ಕೆಲಸ ಮಾಡುತ್ತಿರುವ ಲಕ್ಷಣ. ಆ ಕಡ್ಡಿಯಲ್ಲಿ ನೋಡಬೇಕಾದ್ದು ಮಟ್ಟವನ್ನು. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಕೆಲವು ನಿಮಿಷ ಬಿಟ್ಟು, ಕಡ್ಡಿ ಒರೆಸಿ ಮತ್ತೆ ಅದ್ದಿ ತೆಗೆಯಿರಿ. ಎರಡು ಗುರುತುಗಳ ನಡುವೆ ಇದ್ದರೆ ಸರಿ. ಕೆಳಗಿಳಿದಿದ್ದರೆ ತಕ್ಷಣ ಟಾಪ್ ಅಪ್ ಮಾಡಿಸಿ. ಹಾಗೆಂದು ಮೇಲಿನ ಗುರುತು ದಾಟಿಸಬೇಡಿ, ಹೆಚ್ಚಾದ ಆಯಿಲು ನೊರೆಗಟ್ಟುತ್ತದೆ. ಗ್ರೇಡು ಒಂದೇ ಆಗಿದ್ದರೆ ಟಾಪ್ ಅಪ್‌ಗೆ ಬೇರೆ ಕಂಪನಿಯ ಆಯಿಲು ಹಾಕಿದರೂ ಗಾಬರಿಪಡಬೇಕಿಲ್ಲ.

ಐದು ಸಾವಿರ ಕಿಲೋಮೀಟರಿಗೊಮ್ಮೆ ಬದಲಾಯಿಸಲೇಬೇಕೆಂಬುದು ಹಳೆಯ ಗಾಡಿಗಳ ಕಾಲದ ಲೆಕ್ಕ. ಈಗಿನ ಬಹುತೇಕ ಪೆಟ್ರೋಲ್ ಕಾರುಗಳ ಪುಸ್ತಕದಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು ಎಂದಿರುತ್ತದೆ. ಆದರೆ ಎಲ್ಲರ ಓಡಾಟವೂ ಒಂದೇ ಅಲ್ಲ. ಮುಳಬಾಗಿಲಿನಿಂದ ಹೆದ್ದಾರಿ 75ರಲ್ಲಿ ನಿತ್ಯ ಬೆಂಗಳೂರಿಗೆ ಹೋಗಿಬರುವವರ ಕಾರಿನ ಮೀಟರು ಬೇಗ ಏರುತ್ತದೆ, ಆಯಿಲು ಮಾತ್ರ ಚೆನ್ನಾಗಿಯೇ ಇರುತ್ತದೆ. ಮನೆಯಿಂದ ಮಾಲೂರು ರೈಲ್ವೆ ಸ್ಟೇಷನ್ನಿನವರೆಗಷ್ಟೇ ಕಾರು ತೆಗೆಯುವವರ ಕಥೆ ಬೇರೆ. ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುವುದರಿಂದ ತೇವಾಂಶವೂ ಸುಡದ ಪೆಟ್ರೋಲೂ ಆಯಿಲಿಗೆ ಸೇರಿ ಉಳಿದುಬಿಡುತ್ತವೆ. ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ತೋಟಗಳ ಮಣ್ಣುದಾರಿಯಲ್ಲಿ ದೂಳು ಕುಡಿಯುತ್ತಾ ತಿರುಗುವ ಗಾಡಿಗಳದ್ದೂ ಕಷ್ಟದ ಬಾಳೇ. ಇಂಥವರು ಪುಸ್ತಕದಲ್ಲಿ ‘ಕಠಿಣ ಬಳಕೆ’ಗೆ ಹೇಳಿದ ಕಡಿಮೆ ಅವಧಿಯನ್ನೇ ಪಾಲಿಸಬೇಕು. ಕಿಲೋಮೀಟರ್ ಆಗಿಲ್ಲವೆಂದು ವರ್ಷ ದಾಟಿಸಬೇಡಿ.

ನಮ್ಮ ಕಡೆ ಬಿಸಿಲು ಜಾಸ್ತಿ, ತೆಳು ಆಯಿಲು ತಡೆಯುವುದಿಲ್ಲ, ದಪ್ಪದ್ದೇ ಹಾಕಿ ಎನ್ನುವವರಿದ್ದಾರೆ. 5ಡಬ್ಲ್ಯು-30 ಎಂಬುದರಲ್ಲಿ ಮೊದಲ ಅಂಕಿ ಚಳಿಯಲ್ಲಿ ಆಯಿಲು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದಕ್ಕೆ. ಎರಡನೆಯದು 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದರ ದಪ್ಪ ಎಷ್ಟು ಎಂಬುದಕ್ಕೆ. ಹೊರಗೆ ಏಪ್ರಿಲ್ ಬಿಸಿಲಿರಲಿ, ಡಿಸೆಂಬರ್ ಚಳಿಯಿರಲಿ, ಓಡುವ ಇಂಜಿನ್ನಿನೊಳಗೆ ಕಾವು ಆ ಆಸುಪಾಸಿನಲ್ಲೇ ಇರುತ್ತದೆ. ಹೊಸ ಕಾರಿಗೆ 0ಡಬ್ಲ್ಯು-20 ಎಂದು ಬರೆದಿದ್ದರೆ ಅದರ ಕಿರಿದಾದ ಸಂದುಗಳಿಗೆ ಅಂಥದೇ ಬೇಕು. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಇನ್ನೂ ಎಚ್ಚರ ಬೇಕು. ಮಸಿ ಹಿಡಿಯುವ ಫಿಲ್ಟರ್ ಇರುವ ಕಾರಿಗೆ ಬೂದಿ ಕಡಿಮೆ ಬಿಡುವ ಆಯಿಲೇ ಆಗಬೇಕು, ಇಲ್ಲದಿದ್ದರೆ ಆ ದುಬಾರಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಊರೊಳಗೇ ಓಡಾಡಿ ಫಿಲ್ಟರಿನ ಮಸಿ ಪೂರ್ತಿ ಸುಡದಿದ್ದರೆ ಡೀಸೆಲು ಇಳಿದು ಆಯಿಲಿಗೆ ಬೆರೆಯುತ್ತದೆ. ಗೇಜ್ ಕಡ್ಡಿಯಲ್ಲಿ ಮಟ್ಟ ತಾನಾಗಿ ಏರಿದ್ದು ಕಂಡರೆ ಸಂತೋಷಪಡಬೇಡಿ, ಕೂಡಲೇ ತೋರಿಸಿ.

ಇನ್ನು ಇಳಿಸಿದ ಆಯಿಲು. ಮರದ ಕಂಬಕ್ಕೆ ಗೆದ್ದಲು ಹತ್ತದಿರಲೆಂದು ಬಳಿಯುತ್ತೇವೆ, ಸೆಂಟ್ರಿಂಗ್ ಶೀಟಿಗೆ ಸವರುತ್ತೇವೆ, ನಾಯಿಯ ಕಜ್ಜಿಗೂ ಹಚ್ಚುತ್ತೇವೆ. ದಯವಿಟ್ಟು ಬೇಡ. ಬಳಸಿದ ಆಯಿಲಿನಲ್ಲಿ ಸವೆದ ಲೋಹಗಳ ಕಣಗಳ ಜೊತೆಗೆ ಕ್ಯಾನ್ಸರ್ ತರಬಲ್ಲ ವಸ್ತುಗಳೂ ಇರುತ್ತವೆ. ಅದನ್ನು ಬರಿಗೈಯಲ್ಲಿ ಮುಟ್ಟುವ ಗ್ಯಾರೇಜಿನ ಹುಡುಗರಿಗೆ ಕೈಗವಸು ಕೊಡಿಸಿ. ಒಂದು ಕಾರಿನಿಂದ ಒಂದು ಸಲ ಇಳಿಸಿದ ಆಯಿಲು ಹತ್ತು ಲಕ್ಷ ಗ್ಯಾಲನ್, ಎಂದರೆ ಸುಮಾರು 38 ಲಕ್ಷ ಲೀಟರ್ ಸಿಹಿನೀರನ್ನು ಕೆಡಿಸಬಲ್ಲದೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ನಮ್ಮ ಊರುಗಳ ಚರಂಡಿ ಕೊನೆಗೆ ಸೇರುವುದು ಯಾವುದಾದರೊಂದು ಕೆರೆಯನ್ನೇ. ಆ ಕೆರೆ ತುಂಬಿದರೆ ತಾನೇ ಸುತ್ತಲ ಬೋರುಗಳಿಗೆ ನೀರು?

2016ರ ಕೇಂದ್ರ ನಿಯಮಗಳು ಬಳಸಿದ ಆಯಿಲನ್ನು ಅಪಾಯಕಾರಿ ತ್ಯಾಜ್ಯವೆಂದೇ ಗುರುತಿಸಿವೆ. ಅದನ್ನು ಶುದ್ಧೀಕರಿಸಿ ಮತ್ತೆ ಆಯಿಲನ್ನಾಗಿಯೇ ಬಳಸಬಹುದು. ಹಾಗೆ ಮರುಬಳಕೆ ಮಾಡಿಸುವ ಹೊಣೆಯನ್ನು 2024ರ ಏಪ್ರಿಲ್ 1ರಿಂದ ತಯಾರಕರ ಮೇಲೂ ಹೊರಿಸಲಾಗಿದೆ. ಆದರೆ ನಾವು ಚರಂಡಿಗೆ ಸುರಿದದ್ದನ್ನು ಯಾವ ನಿಯಮವೂ ಬಾಚಿಕೊಳ್ಳಲಾರದು.

ಗ್ಯಾರೇಜಿನವರೇ, ಹಳೆಯ ಆಯಿಲಿಗೆ ನೀರು, ಕೂಲೆಂಟ್, ಪೆಟ್ರೋಲ್ ಬೆರೆಯದಂತೆ ಮುಚ್ಚಳವಿರುವ ಡ್ರಮ್ಮಿನಲ್ಲಿ ಕೂಡಿಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯಿರುವವರಿಗೇ ಕೊಡಿ. ಮಾಲೀಕರೇ, ಸರ್ವೀಸಿಗೆ ಬಿಟ್ಟಾಗ ಬಿಲ್ಲಿನ ಜೊತೆಗೆ ‘ಹಳೆ ಆಯಿಲು ಏನು ಮಾಡ್ತೀರಿ?’ ಎಂದು ಕೇಳಿ. ಮನೆಯಲ್ಲೇ ಬದಲಾಯಿಸುವವರು ಇಳಿಸಿದ್ದನ್ನು ಹೊಸ ಆಯಿಲಿನ ಡಬ್ಬಿಗೇ ತುಂಬಿಸಿ, ಹೀಗೆ ಡ್ರಮ್ ಇಟ್ಟಿರುವ ಗ್ಯಾರೇಜಿಗೆ ತಲುಪಿಸಿ. ನಗರಸಭೆ, ಪುರಸಭೆಗಳ ಸದಸ್ಯರು ಮೆಕ್ಯಾನಿಕ್‌ಗಳು ಹೆಚ್ಚಿರುವ ರಸ್ತೆಗೊಂದು ಸಂಗ್ರಹಣಾ ಜಾಗ ಗೊತ್ತುಮಾಡಲಿ. ಮುಂದಿನ ಸಾಮಾನ್ಯ ಸಭೆಯಲ್ಲೇ ಈ ವಿಷಯ ಎತ್ತುವಂತೆ ನಿಮ್ಮ ವಾರ್ಡಿನ ಸದಸ್ಯರಿಗೆ ಇವತ್ತೇ ಫೋನ್ ಮಾಡಿ.