ಅಂಬಲಿ ಕುಡೀರಿ, ಗೋಳಿ ಬಿಡಬ್ಯಾಡ್ರಿ

ಈ ಸಲ ಎಳ್ಳಮವಾಸಿಗೆ ಹೊಲಕ್ಕ ಹೋದಾಗ ನಾವೆಲ್ಲ ಚರಗ ಚೆಲ್ಲಿ ಬಂದು ಭಜ್ಜಿ, ಅಂಬಲಿ ಬಡಸ್ಕೊಂಡು ಕುಂತೆವು. ಪ್ರತಿ ವರ್ಷ ಚರಗದ ಬುಟ್ಟಿ ಹೊತ್ತು ಮುಂದ ಹೋಗಾಕಿ ನಮ್ಮ ಚಿಕ್ಕಮ್ಮ. ಈ ವರ್ಷ ಗಿಡದ ಬುಡಕ್ಕ ಕಾಲು ಚಾಚಿ ಕುಂತಿದ್ಳು. ಎಡಗಾಲಿಂದು ಎರಡು ಬೆರಳು ಈಗ ಇಲ್ಲ.

ಅಕ್ಕಗೋಳೇ, ಆ ಬೆರಳು ಹೆಂಗ ಹೋದ್ವು ಅಂತ ಹೇಳ್ತೀನಿ. ಹೇಳು ಅಂತ ಆಕೀನೇ ಅಂದಾಳ.

ಚಿಕ್ಕಮ್ಮಗ ಸಕ್ಕರಿ ಬ್ಯಾನಿ ಬಂದು 11 ವರ್ಷ. ಮುಂಜಾನಿ-ಸಂಜಿ ಮೆಟ್‌ಫಾರ್ಮಿನ್ ಗೋಳಿ. ಅದರ ಜೋಡಿ ಹೊಟ್ಟಿ ಉಬ್ಬರ, ಒಮ್ಮೊಮ್ಮೆ ಭೇದಿ, ಯಾವಾಗಲೂ ದಣಿವು. ದವಾಖಾನ್ಯಾಗ ಹೇಳಿದ್ರ ಡಾಕ್ಟರ್ ತಲಿ ಎತ್ತದೇ ಚೀಟಿ ಬರೀತಿದ್ರು. ಹೋದ ವರ್ಷ ಮೊಬೈಲ್‌ನ್ಯಾಗ ಒಬ್ಬಾಂವ ಬಂದ. ಎಲ್ಲಾ ರೋಗದ ಬೇರು ಹೊಟ್ಟ್ಯಾಗ ಅದ, ಕರುಳು ಸ್ವಚ್ಛ ಮಾಡಿದ್ರ ಗೋಳಿ ಬೇಕೇ ಆಗಂಗಿಲ್ಲ ಅಂದ. ಇದಕ್ಕ ಫಂಕ್ಷನಲ್ ಮೆಡಿಸಿನ್ ಅಂತಾರಂತ. ಫೋನ್‌ನ್ಯಾಗ ಒಂದು ತಾಸು ಮಾತಾಡಿದ. ಏನು ಉಣ್ತಿ, ನಿದ್ದಿ ಬರ್ತದೇನು, ಮನಸಿನ್ಯಾಗ ಏನು ಚಿಂತಿ ಅದ, ಎಲ್ಲಾ ಕೇಳಿದ. "11 ವರ್ಷದಾಗ ನನಗ ಯಾರೂ ಇಷ್ಟು ಕೇಳಿದ್ದಿಲ್ಲ" ಅಂತ ಚಿಕ್ಕಮ್ಮ ಅಳ್ತಾ ಹೇಳಿದ್ಳು.

ಟೆಸ್ಟು, ಪುಡಿ, ಡಬ್ಬಿ ಸೇರಿ 18,000 ರೂಪಾಯಿ. ಗೃಹಲಕ್ಷ್ಮಿ ರೊಕ್ಕ 9 ತಿಂಗಳಿಂದು! ಟೆಸ್ಟಿನ ಕಾಗದದಾಗ ಜೋಳ, ತೊಗರಿ, ಮೊಸರು ಮೂರೂ "ನಿಮಗ ಆಗಂಗಿಲ್ಲ" ಅಂತ ಬಂತು. ರೊಟ್ಟಿ ಬಿಟ್ಟಳು, ಗೋಳೀನೂ ಬಿಟ್ಟಳು. ನಾಕು ತಿಂಗಳಿಗೆ ಕಾಲಿಗೆ ಹತ್ತಿದ ಸಣ್ಣ ಗಾಯ ಕೊಳೀತು.

ಹಂಗಂತ ಹೊಟ್ಟಿ ಮಾತೆಲ್ಲಾ ಸುಳ್ಳು ಅಂತ ನಾ ಅನ್ನಂಗಿಲ್ಲ. ಕರುಳಿನ್ಯಾಗ ನಮಗ ಬೇಕಾದ ಸೂಕ್ಷ್ಮ ಜೀವಿ ಇರೋದು ಖರೆ. ನಾರು ಇರೋ ಊಟ ಅವಕ್ಕ ಮೇವು ಅನ್ನೋದೂ ಖರೆ. ಆದ್ರ ಆ ಮೇವು ಡಬ್ಬ್ಯಾಗ ಯಾಕ ಹುಡುಕಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2017ರಾಗ ಹೊರಗ ತಂದ ಪಟ್ಟಿ ನೋಡ್ರಿ. 100 ಗ್ರಾಂ ಜೋಳದಾಗ ನಾರು ಸುಮಾರು 10 ಗ್ರಾಂ, ಪಾಲಿಶ್ ಅಕ್ಕ್ಯಾಗ 3 ಗ್ರಾಂ ಸೈತ ಇಲ್ಲ. ರೊಟ್ಟಿ ಬಡಿಯೋದು ತ್ರಾಸು ಅಂತ ಎರಡೂ ಹೊತ್ತು ಅನ್ನ ಇಟ್ಟವರು ನಾವೇ. ಆ ತಪ್ಪು ನಮ್ದು, ಒಪ್ಪಕೋಣ.

ಆ ಟೆಸ್ಟಿನ ಮಾತು ಕೇಳ್ರಿ. ರಕ್ತದಾಗ ಐಜಿಜಿ ನೋಡಿ ಯಾವ ಊಟ ಆಗಂಗಿಲ್ಲ ಅಂತ ಹೇಳೋ ಟೆಸ್ಟು ಅದು. ಯುರೋಪಿನ ಅಲರ್ಜಿ ವೈದ್ಯರ ಸಂಘ 2008ರಾಗೇ ಇದು ಬ್ಯಾಡ ಅಂತ ಹೇಳ್ಯಾದ. ದಿನಾ ಉಣ್ಣೋ ಊಟಕ್ಕ ಐಜಿಜಿ ಹುಟ್ಟೋದು ಸಹಜ, ಅದು ಉಂಡ ಗುರುತು, ರೋಗದ ಗುರುತಲ್ಲ. ಜೋಳ-ತೊಗರಿ ಉಂಡು ಬೆಳೆದ ಬಗದಲ್ ಹೆಣಮಗಳ ರಕ್ತದಾಗ ಜೋಳ-ತೊಗರಿ ಕಾಣದೇ ಮತ್ತೇನು ಕಾಣ್ತದ?

ಊಟದಿಂದ ಸಕ್ಕರಿ ಬ್ಯಾನಿ ಇಳೀತದಲ್ಲಾ ಅಂತ ಕೇಳ್ತೀರಿ. ಇಳೀತದ. ಬ್ರಿಟನ್‌ನ್ಯಾಗ ಊಟ ಭಾಳ ಕಮ್ಮಿ ಮಾಡಿ ತೂಕ ಇಳಿಸಿದವರಾಗ ಸುಮಾರು ಅರ್ಧ ಮಂದಿಗೆ ಒಂದು ವರ್ಷಕ್ಕ ಗೋಳಿ ಇಲ್ಲದೇ ಸಕ್ಕರಿ ಹತೋಟಿಗೆ ಬಂತು ಅಂತ 2017ರಾಗ ವರದಿ ಆಗ್ಯಾದ. ಆದ್ರ ಅವರಿಗೆ ಬ್ಯಾನಿ ಬಂದು 6 ವರ್ಷ ದಾಟಿದ್ದಿಲ್ಲ. ಗೋಳಿ ಬಿಡಿಸಿದವರೂ ದವಾಖಾನಿಯವರೇ, ಮ್ಯಾಲಿಂದ ಮ್ಯಾಲ ತಪಾಸಣಿ ಮಾಡಿದವರೂ ಅವರೇ. ಮೊಬೈಲ್‌ನ್ಯಾಗ ಮಾತಾಡಿ ಮಾಯ ಆಗೋ ಮಂದಿ ಅಲ್ಲ.

ಈಗ ಡಾಕ್ಟರ್‌ಗೋಳಿಗೂ ಒಂದು ಮಾತು. ಚಿಕ್ಕಮ್ಮನ ಉಬ್ಬರ, ಭೇದಿ ಮೆಟ್‌ಫಾರ್ಮಿನ್ನಿಂದೇ ಬಂದಿರಬಹುದು ಅಂತ ಬೆರಳು ಹೋದ ಮ್ಯಾಲ ಬೀದರದಾಗ ಒಬ್ಬ ಡಾಕ್ಟರಮ್ಮ ಹೇಳಿದ್ರು. ಊಟದ ಜೋಡಿ ತಗೊಂಡ್ರ, ಇಲ್ಲಾ ನಿಧಾನ ಕರಗೋ ಗೋಳಿ ಕೊಟ್ರ ಭಾಳ ಮಂದಿಗೆ ಕಮ್ಮಿ ಆಗ್ತದಂತ. ವರ್ಷಗಟ್ಲೆ ಆ ಗೋಳಿ ತಗೊಂಡವರಿಗೆ ಬಿ12 ಕಮ್ಮಿ ಆಗಿ ದಣಿವು ಬರಬಹುದು, ಅದನ್ನೂ ತಪಾಸಬೇಕಂತ. ಈ ಎರಡು ಮಾತು ಮೊದಲೇ ಯಾರರ ಹೇಳಿದ್ರ ಆಕಿ ಆ ಮೊಬೈಲ್ ಮನುಷ್ಯಾನ ಕೈಯಾಗ ಬೀಳ್ತಿದ್ಳೇನು? ನೀವು ಎರಡು ನಿಮಿಷ ಕೇಳಲಿಲ್ಲ, ಅಂವ ಒಂದು ತಾಸು ಕೇಳಿದ. ಅಂವ ಮಾರಿದ್ದು ಪುಡಿ ಅಲ್ಲ, ಆ ಕೇಳೋದನ್ನ.

ಅದಕ್ಕ ತಂಗಿಗೋಳೇ, ದವಾಖಾನಿಗಿ ಒಬ್ರೇ ಹೋಗಬ್ಯಾಡ್ರಿ. ಏನೇನು ತ್ರಾಸು ಅದ ಅಂತ ಮನ್ಯಾಗೇ ಬರ್ಕೊಂಡು ಹೋಗ್ರಿ. ಡಾಕ್ಟರ್ ತಲಿ ಎತ್ತೋತನಕ ಏಳಬ್ಯಾಡ್ರಿ. 30 ದಾಟಿದವರಿಗೆ ಬಿಪಿ, ಸಕ್ಕರಿ ತಪಾಸಣಿ ಸರ್ಕಾರಿ ಆರೋಗ್ಯ ಕೇಂದ್ರದಾಗ ಬಿಟ್ಟಿ ಮಾಡ್ತಾರ. ಸಕ್ಕರಿ ಬ್ಯಾನಿ ಇದ್ದವರು ದಿನಾ ರಾತ್ರಿ ಅಂಗಾಲು ನೋಡ್ಕೋರಿ. ಗೋಳಿ ಬಿಡಬೇಕು ಅನ್ನಿಸಿದ್ರ, ಅದನ್ನ ಬರದುಕೊಟ್ಟವರ ಮುಂದೇ ಕುಂತು ಕೇಳ್ರಿ.

ಅವತ್ತು ಹೊಲದಾಗ ಚಿಕ್ಕಮ್ಮ ಒಂದು ಬಟ್ಟಲ ಅಂಬಲಿ ಕುಡದಳು, ಸಜ್ಜಿ ರೊಟ್ಟಿ ಭಜ್ಜಿ ಜೋಡಿ ಉಂಡಳು. ಆಮ್ಯಾಲ ಸೆರಗಿನ ಗಂಟು ಬಿಚ್ಚಿ ಗೋಳಿ ತೆಗದು ನುಂಗಿದಳು. ನಾವು ಯಾರೂ ಏನೂ ಅನ್ನಲಿಲ್ಲ. ನೀರಿನ ಚೊಂಬು ಮಾತ್ರ ಮುಂದ ಸರಿಸಿದೆವು.