ಗೆಳೆಯನಿಗೆ ಕ್ಯಾನ್ಸರ್ ಎಂದರೆ ನೀವು ದೂರ ಸರಿಯಬೇಡಿ

ಮಳೆಗಾಲ ಮುಗಿದರೆ ಸಾಕು, ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಪಂದ್ಯಗಳಿಗೆ ಬಿಡುವಿಲ್ಲ. ಆಟದಲ್ಲಿ ಒಬ್ಬನ ಕಾಲು ಉಳುಕಿದರೆ ಹತ್ತು ಮಂದಿ ಎತ್ತಿಕೊಂಡು ಓಡುತ್ತಾರೆ. ಅದೇ ಹುಡುಗನಿಗೆ ಕ್ಯಾನ್ಸರ್ ಎಂದಾದರೆ? ಮನೆಯವರು 'ದೊಡ್ಡ ರೋಗ' ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಏನು ಮಾತಾಡುವುದೆಂದು ತಿಳಿಯದೆ ಗೆಳೆಯರೂ ಮನೆಯ ಕಡೆ ಹೋಗುವುದನ್ನು ಬಿಡುತ್ತಾರೆ. ರೋಗಿಗೆ ಜನ ಬೇಕಾಗುವುದು ಆಗಲೇ ಅಲ್ಲವೇ?

1971ರಲ್ಲಿ ಅಮೆರಿಕದ ಟಿವಿಯಲ್ಲಿ 'ಬ್ರಯಾನ್ಸ್ ಸಾಂಗ್' ಎಂಬ ಚಿತ್ರ ಬಂತು. ಷಿಕಾಗೋದ ಫುಟ್‌ಬಾಲ್ ತಂಡವೊಂದರ ಇಬ್ಬರು ಆಟಗಾರರ ನಿಜ ಕಥೆ ಅದು. ಗೇಲ್ ಸೇಯರ್ಸ್ ಕಪ್ಪು ಜನಾಂಗದವರು, ಬ್ರಯಾನ್ ಪಿಕೊಲೊ ಬಿಳಿಯರು. ವರ್ಣಭೇದದ ಆ ಕಾಲದಲ್ಲೂ ಇಬ್ಬರೂ ಒಂದೇ ಕೋಣೆಯಲ್ಲಿದ್ದರು. ಸೇಯರ್ಸ್ ಮಂಡಿ ಮುರಿದುಕೊಂಡಾಗ ಹುರಿದುಂಬಿಸಿದ್ದು ಪಿಕೊಲೊ. ಪಿಕೊಲೊಗೆ ಎದೆಯಲ್ಲಿ ಗಡ್ಡೆಯಾದಾಗ ಜೊತೆ ನಿಂತದ್ದು ಸೇಯರ್ಸ್. 1970ರ ಜೂನ್ 16ರಂದು ಪಿಕೊಲೊ ತೀರಿಕೊಂಡರು, ವಯಸ್ಸು 26.

ನಮ್ಮ ಯುವರಾಜ್ ಸಿಂಗ್ ಕಥೆ ನಿಮಗೆ ಗೊತ್ತು. 2011ರ ವಿಶ್ವಕಪ್ಪಿನಲ್ಲಿ 362 ರನ್, 15 ವಿಕೆಟ್ ಪಡೆದು ಸರಣಿಶ್ರೇಷ್ಠರಾದಾಗಲೇ ಅವರಿಗೆ ಕೆಮ್ಮು ಕಾಡುತ್ತಿತ್ತು. ಗಡ್ಡೆ ಇದ್ದದ್ದು ಎದೆಯಲ್ಲೇ. ವಿಧ ಬೇರೆಯಾದರೂ ಪಿಕೊಲೊ ಗಡ್ಡೆಯ ಕುಟುಂಬಕ್ಕೇ ಸೇರಿದ್ದು. ಆದರೆ 1974ರಿಂದ ಇಂಡಿಯಾನಾದ ಡಾ. ಐನ್‌ಹಾರ್ನ್ ಬೆಳೆಸಿದ ಸಿಸ್‌ಪ್ಲಾಟಿನ್ ಚಿಕಿತ್ಸೆ ಈ ಜಾತಿಯ ಕ್ಯಾನ್ಸರಿನ ಹಣೆಬರಹವನ್ನೇ ಬದಲಿಸಿತ್ತು. ಅವರ ಬಳಿಯೇ ಕೀಮೋಥೆರಪಿ ಪಡೆದ ಯುವರಾಜ್ 2012ರ ಸೆಪ್ಟೆಂಬರಿನಲ್ಲಿ ಮತ್ತೆ ಭಾರತಕ್ಕೆ ಆಡಿದರು. ಚಿಕಿತ್ಸೆಯ ನಡುವೆ ಅಲ್ಲಿಗೆ ಹೋಗಿ ನೋಡಿಬಂದವರಲ್ಲಿ ನಮ್ಮ ಅನಿಲ್ ಕುಂಬ್ಳೆ ಒಬ್ಬರು. ತನ್ನ ಹಳೆಯ ಆಟದ ವಿಡಿಯೊ ನೋಡುತ್ತಾ ಕೂತಿದ್ದಾಗ ಕುಂಬ್ಳೆ ಲ್ಯಾಪ್‌ಟಾಪ್ ಮುಚ್ಚಿಸಿ, ಮೊದಲು ಆರೋಗ್ಯ ನೋಡಿಕೋ ಎಂದರೆಂದು ಯುವರಾಜ್ ಹೇಳಿಕೊಂಡಿದ್ದಾರೆ.

ಯುವಕರೇ, ಮೂರು ವಾರ ಬಿಡದ ಕೆಮ್ಮು, ಕಫದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ವೃಷಣದಲ್ಲಿ ನೋವಿಲ್ಲದ ಗಂಟು, ಇವುಗಳನ್ನು ನಾಚಿಕೆಯಿಂದ ಮುಚ್ಚಿಡಬೇಡಿ. ವೃಷಣದ ಕ್ಯಾನ್ಸರ್ ಹೆಚ್ಚಾಗಿ ಬರುವುದು ಹರೆಯದವರಿಗೇ. ಬೇಗ ಗೊತ್ತಾದರೆ ಬಹುತೇಕ ಗುಣವಾಗುತ್ತದೆ. ಮನೆಯಲ್ಲಿ ಹೇಳಲಾಗದ್ದನ್ನು ಗೆಳೆಯನಿಗೆ ಹೇಳಬಹುದು. ಕೇಳಿದ ಗೆಳೆಯ ನಗದೆ, ಅವನನ್ನು ಡಾಕ್ಟರ ಬಳಿ ಕರೆದೊಯ್ಯಬೇಕು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆ ಕಾಗದಪತ್ರಕ್ಕೆ ಓಡಾಡುವುದೂ ಗೆಳೆತನವೇ.

ರೋಗಿಯನ್ನು ಸಂದರ್ಶಿಸುವುದು ಪುಣ್ಯವೆಂದು ನಾವೆಲ್ಲ ಬಲ್ಲೆವು. ಅದಕ್ಕೂ ಶಿಸ್ತು ಬೇಕು. ಕೀಮೋ ಆಗುತ್ತಿರುವವರಿಗೆ ಸೋಂಕು ಬೇಗ ತಗಲುತ್ತದೆ. ನಿಮಗೆ ಶೀತ, ಜ್ವರ ಇದ್ದರೆ ಹೋಗಬೇಡಿ, ಫೋನ್ ಮಾಡಿ. ಹೋದರೆ ಸಾಬೂನಿನಿಂದ ಕೈ ತೊಳೆದು ಒಳಗೆ ಹೋಗಿ, ಗುಂಪು ಕಟ್ಟಬೇಡಿ, ಬೇಗ ಹೊರಡಿ. ಅದೇ ರೋಗದಿಂದ ಸತ್ತವರ ಕಥೆ ಹೇಳಬೇಡಿ. ಆಸ್ಪತ್ರೆಯ ಮದ್ದು ಬಿಟ್ಟು ಬೇರೆ ಮದ್ದು ಹಿಡಿಯೆಂದು ಉಪದೇಶಿಸಬೇಡಿ. ಮೊನ್ನೆಯ ಪಂದ್ಯ ಏನಾಯಿತೆಂದು ಹೇಳಿ. ಮುಂದಿನ ವಾರ ಮತ್ತೆ ಹೋಗಿ.