ಮಚ್ಚೆಯ ಫೋಟೊ ಯಾಕಿಲ್ಲ?

ನಮ್ಮೂರಿನ ಆರೋಗ್ಯ ಕೇಂದ್ರದ ಗೋಡೆಯಲ್ಲಿ ಕುಷ್ಠರೋಗದ ಹಳೆಯ ಪೋಸ್ಟರ್ ಒಂದಿತ್ತು. ಬೆರಳು ಸವೆದ ಎರಡು ಕೈ, ಅಷ್ಟೇ, ಮುಖವಿಲ್ಲ. ಚಿಕ್ಕವನಿದ್ದಾಗ ಅದರಿಂದ ನಾನು ಕಲಿತದ್ದು ಹೆದರುವುದನ್ನು ಮಾತ್ರ.

ಜನವರಿ 30 ವಿಶ್ವ ನಿರ್ಲಕ್ಷಿತ ಉಷ್ಣವಲಯದ ರೋಗಗಳ ದಿನ. ಆನೆಕಾಲು, ಹಾವು ಕಡಿತ, ಕುಷ್ಠ ಎಲ್ಲವೂ ಆ ಪಟ್ಟಿಯಲ್ಲಿವೆ. ಅಂದು ಮೊಬೈಲ್‌ಗಳಲ್ಲಿ ಹರಿದಾಡುವುದು ಇಂಥವೇ ಚಿತ್ರಗಳು. ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಗುರಿಯನ್ನು ದೇಶ 2005ರಲ್ಲೇ ಮುಟ್ಟಿತು. ರೋಗವೇ ಹೋಯಿತೆಂದು ಬಹಳ ಮಂದಿ ತಿಳಿದರು. ಆದರೆ ಜಗತ್ತಿನಲ್ಲಿ ವರ್ಷಕ್ಕೆ ಪತ್ತೆಯಾಗುವ ಹೊಸ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ನಮ್ಮಲ್ಲೇ ಇವೆ.

ಈ ರೋಗ ಸಾಮಾನ್ಯವಾಗಿ ಶುರುವಾಗುವುದು ತಿಳಿಬಿಳಿ ಅಥವಾ ತಾಮ್ರ ಬಣ್ಣದ ಮಚ್ಚೆಯಿಂದ. ತುರಿಕೆಯಿಲ್ಲ, ನೋವಿಲ್ಲ, ಮುಟ್ಟಿದರೆ ಗೊತ್ತಾಗುವುದಿಲ್ಲ. ಚಿಬ್ಬು ಇರಬೇಕೆಂದು ಸುಮ್ಮನಾಗುತ್ತೇವೆ. ಆ ಹಂತದಲ್ಲಿ ಆಸ್ಪತ್ರೆಗೆ ಹೋದರೆ ಆರು ಅಥವಾ ಹನ್ನೆರಡು ತಿಂಗಳ ಮಾತ್ರೆ, ಅದೂ ಉಚಿತ. ಬೆರಳುಗಳಿಗೆ ಏನೂ ಆಗದಂತೆ ತಡೆಯಬಹುದು. ಆದರೆ ಸವೆದ ಕೈಗಳನ್ನಷ್ಟೇ ನೋಡಿ ಬೆಳೆದವನು ತನ್ನ ಬೆನ್ನಿನ ಮಚ್ಚೆಗೂ ಆ ಚಿತ್ರಕ್ಕೂ ಸಂಬಂಧ ಕಲ್ಪಿಸುವುದಾದರೂ ಹೇಗೆ? ರೋಗದ ಕೊನೆಯನ್ನು ಸಾವಿರ ಸಲ ತೆಗೆದ ಕ್ಯಾಮೆರಾ ಅದರ ಆರಂಭದತ್ತ ತಿರುಗಿದ್ದು ಕಡಿಮೆ. ಮಚ್ಚೆಯ ಫೋಟೊ ನೋಡಿ ಯಾರ ಕಣ್ಣೂ ತುಂಬುವುದಿಲ್ಲ, ಲೈಕೂ ಬೀಳುವುದಿಲ್ಲ. ಬಹುಶಃ ಅದೇ ಕಾರಣ.

ಮುಖ ತೋರಿಸಬೇಕೇ ಎಂಬುದು ಇನ್ನೂ ಕಷ್ಟದ ಪ್ರಶ್ನೆ. ಮರೆಮಾಡಿದರೆ ನಾಚಿಕೆಪಡುವ ಕಾಯಿಲೆ ಎಂದಂತಾಗುತ್ತದೆ. ತೋರಿಸಿದರೆ ಆ ವ್ಯಕ್ತಿಯ ಕೆಲಸ, ಮನೆ ಎರಡಕ್ಕೂ ಕುತ್ತು ಬರಬಹುದು. ಕುಷ್ಠವನ್ನು ವಿಚ್ಛೇದನದ ಕಾರಣಗಳಿಂದ ಕಾನೂನು ಕೈಬಿಟ್ಟದ್ದೇ 2019ರಲ್ಲಿ! ಆದ್ದರಿಂದ ಚಿತ್ರ ಎಲ್ಲೆಲ್ಲಿ ಹೋಗುತ್ತದೆಂದು ತಿಳಿಸಿ, ಒಪ್ಪಿಗೆ ಪಡೆದೇ ತೆಗೆಯಬೇಕು.

ಸೇವಾಗ್ರಾಮದಲ್ಲಿ ಗಾಂಧೀಜಿ ಸಂಸ್ಕೃತ ವಿದ್ವಾಂಸ ಪರ್ಚುರೆ ಶಾಸ್ತ್ರಿಯವರ ಆರೈಕೆ ಮಾಡುತ್ತಿರುವ ಹಳೆಯ ಫೋಟೊ ನೀವೂ ನೋಡಿರಬಹುದು. ಶಾಸ್ತ್ರಿಗಳಿಗೆ ಕುಷ್ಠವಿತ್ತು. ಆದರೆ ಅಲ್ಲಿ ನಮ್ಮ ಕಣ್ಣು ನಿಲ್ಲುವುದು ಗಾಯದ ಮೇಲಲ್ಲ, ಮುಟ್ಟುತ್ತಿರುವ ಕೈಯ ಮೇಲೆ.

ಬರುವ ಜನವರಿಗೆ ನಮ್ಮ ಎನ್‌ಎಸ್‌ಎಸ್ ಘಟಕ ಪೋಸ್ಟರ್ ಮಾಡಲಿದೆ. ವೈದ್ಯರ ನೆರವಿನಿಂದ, ರೋಗಿಯ ಒಪ್ಪಿಗೆಯಿಂದ ತೆಗೆದ ಮಚ್ಚೆಯ ಚಿತ್ರವೊಂದು, ಮಾತ್ರೆ ಪಟ್ಟಿಯ ಚಿತ್ರವೊಂದು ಸಾಕೆಂದು ಕೇಳಿದ್ದೇನೆ. ಗೆಳೆಯರಿಗಿನ್ನೂ ಅದು ಸಪ್ಪೆ ಎನಿಸಿದೆ.